ಶೇಂಗಾ ನಾಡಿನಲ್ಲಿ ಶೇಂಗಾ ಬಿಟ್ಟು ಬದುಕುವುದು: ದೊಡ್ಡವರಾದ ಮೇಲೆ ಬಂದ ಆಹಾರ ಅಲರ್ಜಿಗೆ ಮಾರ್ಗದರ್ಶಿ

41 ವರ್ಷ ಶೇಂಗಾ ತಿಂದು ಬೆಳೆದವಳು ನಾನು. ಹೊಲದ ಬದುವಿನ ಮೇಲೆ ಕೂತು ಸುಲಿದ ಹಸಿ ಕಾಯಿ, ಸಂಜೆಗೆ ಹುರಿದ ಶೇಂಗಾ ಮತ್ತು ಬೆಲ್ಲ, ದಿನಾ ರೊಟ್ಟಿಗೆ ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು. ಮೂರು ವರ್ಷದ ಹಿಂದೆ ನಾಗರಪಂಚಮಿಗೆ ಎರಡು ಶೇಂಗಾ ಉಂಡಿ ತಿಂದೆ. ಹತ್ತು ನಿಮಿಷಕ್ಕೆ ಅಂಗೈ ತುರಿಸಿತು, ಆಮೇಲೆ ಕಿವಿಯ ಹಿಂದೆ, ಆಮೇಲೆ ತುಟಿ ದಪ್ಪಾದವು, ಮೈತುಂಬ ಗಾದರಿ ಎದ್ದವು. "ಪಿತ್ತ ಆಗೇತಿ" ಅಂದ ಅತ್ತಿ ಅಮಸೂಲ ನೆನೆಸಿದ ನೀರು ಕೊಟ್ಟು ಕಂಬಳಿ ಹೊದಿಸಿದರು. ಎರಡು ತಾಸಿಗೆ ಎಲ್ಲ ಇಳಿಯಿತು, ಎಲ್ಲರೂ ಮರೆತೆವು.

ಎರಡು ತಿಂಗಳ ಮೇಲೆ ಹುಬ್ಬಳ್ಳಿಯಲ್ಲಿ ಒಂದು ಪ್ಲೇಟ್ ಗಿರ್ಮಿಟ್ (ಶೇಂಗಾ ಹಾಕಿದ ಚುರುಮುರಿ ತಿನಿಸು) ತಿಂದು, ಓಡಿ ಧಾರವಾಡದ ಬಸ್ ಹಿಡಿದೆ. ನವನಗರ ದಾಟುವಷ್ಟರಲ್ಲಿ ಗಂಟಲು ಬಿಗಿಯಿತು, ದನಿ ಒಡೆಯಿತು, ಕಣ್ಣಿಗೆ ಕತ್ತಲೆ ಕಟ್ಟಿತು. ಬಸ್ಸಿನವರು ದಾರಿಯಲ್ಲೇ ಇಳಿಸಿ ಆಸ್ಪತ್ರೆಗೆ ಮುಟ್ಟಿಸಿದ್ದರಿಂದ ಉಳಿದೆ. ಹಾಗೆ ಉಳಿದ ಮೇಲೆ ಒಂದೊಂದಾಗಿ ಕಲಿತದ್ದನ್ನು, ಕಲಿತ ಕ್ರಮದಲ್ಲಲ್ಲ, ಕಲಿಯಬೇಕಾಗಿದ್ದ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಶೇಂಗಾ ಅಲ್ಲದಿರಬಹುದು. ಸಿಗಡಿ, ಗೋದಿ, ಎಳ್ಳು, ಕಡ್ಲಿಹಿಟ್ಟು ಇರಬಹುದು. ಹಾದಿ ಬಹುಪಾಲು ಒಂದೇ.

ಮೊದಲು: ಅದು ಪಿತ್ತವೋ ಅಲರ್ಜಿಯೋ ಗುರುತಿಸಿ

"ಇಷ್ಟ್ ವರ್ಷ ತಿಂದೇನಲ್ಲ, ಈಗ ಹ್ಯಾಂಗ ಬರತೈತಿ?" ಎಂಬ ಪ್ರಶ್ನೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಬರುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ಯಾವ ವಯಸ್ಸಿನಲ್ಲಾದರೂ ಒಂದು ಆಹಾರದ ಪ್ರೋಟೀನನ್ನು ವೈರಿ ಎಂದು ಎಣಿಸಿ, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಿಸಿಟ್ಟುಕೊಳ್ಳಬಹುದು. ಮುಂದೆ ಅದೇ ಪ್ರೋಟೀನ್ ಒಳಗೆ ಬಂದ ಕೂಡಲೇ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಲೇ ಹೊರಬೀಳುತ್ತವೆ.

ಗುರುತು ಹಿಡಿಯಲು ಗಡಿಯಾರ ನೋಡಿ. ಇಂಥ ಅಲರ್ಜಿ ತಿಂದ ಕೆಲವು ನಿಮಿಷದಿಂದ ಸಾಮಾನ್ಯವಾಗಿ ಎರಡು ತಾಸಿನೊಳಗೆ ಕಾಣಿಸಿಕೊಳ್ಳುತ್ತದೆ, ಅದೇ ಪದಾರ್ಥ ತಿಂದಾಗ ಮತ್ತೆ ಬರುತ್ತದೆ. ಗಾದರಿ, ತುಟಿ ಅಥವಾ ಕಣ್ಣಿನ ರೆಪ್ಪೆ ಬಾತುಕೊಳ್ಳುವುದು, ಗಂಟಲು ಕಟ್ಟುವುದು, ಏದುಸಿರು, ಒಮ್ಮೆಲೇ ವಾಂತಿ, ತಲೆ ಸುತ್ತಿ ಬೀಳುವುದು ಇವೆಲ್ಲ ಅದರ ಚಿಹ್ನೆ. ಹಾಲು ಕುಡಿದರೆ ಹೊಟ್ಟೆ ಉಬ್ಬುವುದು ಬೇರೆ ಸಂಗತಿ. ಅದು ಅರಗದ ತೊಂದರೆ, ಜೀವಕ್ಕೆ ಅಪಾಯವಿಲ್ಲ.

ದೊಡ್ಡವರಲ್ಲಿ ಇನ್ನೊಂದು ತೊಡಕು, ನಾವು ನುಂಗುವ ಗುಳಿಗಿಗಳು. ಬಿಪಿಗೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್ ಜಾತಿಯ ಗುಳಿಗಿಗಳಿಂದ ಕೆಲವರಿಗೆ ಗಾದರಿಯೇ ಇಲ್ಲದೆ ತುಟಿ, ನಾಲಿಗೆ ಬಾಯುತ್ತವೆ. ಅದಕ್ಕೆ ಊಟದ ಮೇಲೆ ಗೂಬೆ ಕೂರಿಸಿದರೆ ನಿಜವಾದ ಕಾರಣ ಹಾಗೇ ಉಳಿಯುತ್ತದೆ. ಮೈಕೈ ನೋವಿನ ಗುಳಿಗಿಗಳಿಂದಲೂ ಗಾದರಿ ಏಳಬಹುದು.

ಎರಡನೆಯದು: ಒಂದು ವಹಿ ಇಡಿ

ಡಾಕ್ಟರ ಹತ್ತಿರ ಹೋಗುವ ಮೊದಲು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಏನು ತಿಂದೆ, ಎಷ್ಟು, ಎಷ್ಟು ಗಂಟೆಗೆ, ಎಷ್ಟು ನಿಮಿಷಕ್ಕೆ ಏನಾಯಿತು, ಏನು ಮಾಡಿದ ಮೇಲೆ ಇಳಿಯಿತು. ಬಾತ ತುಟಿಯ, ಗಾದರಿಯ ಫೋಟೋ ತೆಗೆದಿಡಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವು ಮಾಯವಾಗಿರುತ್ತವೆ. ಪೊಟ್ಟಣದ ತಿನಿಸಾದರೆ ಪೊಟ್ಟಣ ಎಸೆಯಬೇಡಿ.

ಜೊತೆಗೆ ಇದನ್ನೂ ಬರೆಯಿರಿ: ಅವತ್ತು ಓಡಿದ್ದಿರಾ, ಜ್ವರ ಇತ್ತಾ, ನೋವಿನ ಗುಳಿಗಿ ನುಂಗಿದ್ದಿರಾ, ಮದ್ಯ ಕುಡಿದಿದ್ದಿರಾ, ನಿದ್ದೆಗೆಟ್ಟಿದ್ದಿರಾ, ತಿಂಗಳ ಮುಟ್ಟಿನ ದಿನವಾ. ಇವು ತಾವಾಗಿ ಅಲರ್ಜಿ ತರುವುದಿಲ್ಲ, ಇರುವ ಅಲರ್ಜಿಗೆ ಗಾಳಿ ಹಾಕುತ್ತವೆ. ಪಂಚಮಿಯಂದು ಎರಡು ಉಂಡಿಗೆ ಬರೀ ಗಾದರಿ ಎದ್ದವು, ಗಿರ್ಮಿಟ್ಟಿನ ಹತ್ತೆಂಟು ಕಾಳಿಗೆ ಉಸಿರೇ ಕಟ್ಟಿತು. ನಡುವಿನ ವ್ಯತ್ಯಾಸ ಬಸ್ಸಿಗಾಗಿ ಓಡಿದ್ದು ಮತ್ತು ಮಧ್ಯಾಹ್ನ ತಲೆನೋವಿಗೆ ನುಂಗಿದ್ದ ಗುಳಿಗಿ ಇರಬಹುದು ಎಂದು ಡಾಕ್ಟರು ಹೇಳಿದ್ದು ಈ ವಹಿ ನೋಡಿದ ಮೇಲೆಯೇ. ಗೋದಿಯ ಅಲರ್ಜಿಯಲ್ಲಿ ಇದು ಇನ್ನೂ ವಿಚಿತ್ರ: ಕೆಲವರಿಗೆ ಚಪಾತಿ ತಿಂದು ಸುಮ್ಮನೆ ಕೂತರೆ ಏನೂ ಆಗದು, ತಿಂದು ಬಿರುಸಾಗಿ ನಡೆದರೆ ಬೀಳುತ್ತಾರೆ.

ಮೂರನೆಯದು: ಸರಿಯಾದ ಪರೀಕ್ಷೆ

ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್ (ಈಗ ಅದರ ಹೆಸರು ಕೆಎಂಸಿಆರ್‌ಐ), ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗಿನ ಜಿಮ್ಸ್ ಇಂಥ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು ನಮಗೆ ಹತ್ತಿರ. ಚರ್ಮ, ಎದೆರೋಗ ಅಥವಾ ಮೆಡಿಸಿನ್ ವಿಭಾಗದಲ್ಲಿ "ಅಲರ್ಜಿಯ ಚರ್ಮ ಪರೀಕ್ಷೆ ಮಾಡ್ತೀರೇನು, ಯಾವ ವಾರ?" ಎಂದು ಮೊದಲೇ ಕೇಳಿಕೊಂಡು ಹೋಗಿ, ಬಸ್ ಚಾರ್ಜ್ ಉಳಿಯುತ್ತದೆ.

ಚರ್ಮ ಪರೀಕ್ಷೆಯಲ್ಲಿ ಮುಂಗೈ ಮೇಲೆ ಆಯಾ ಆಹಾರದ ಸಾರದ ಹನಿ ಇಟ್ಟು ಸಣ್ಣಗೆ ಚುಚ್ಚುತ್ತಾರೆ. 15ರಿಂದ 20 ನಿಮಿಷಕ್ಕೆ ಗುಳ್ಳೆ ಅಳೆಯುತ್ತಾರೆ. ಬರೀ ದ್ರಾವಣ ಚುಚ್ಚಿದ ಜಾಗಕ್ಕಿಂತ 3 ಮಿಲಿಮೀಟರ್ ಅಥವಾ ಹೆಚ್ಚು ಉಬ್ಬಿದರೆ ಪಾಸಿಟಿವ್. ಸೆಟ್ರಿಜಿನ್‌ನಂಥ ಅಲರ್ಜಿ ಗುಳಿಗಿ ನುಂಗುತ್ತಿದ್ದರೆ ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಗುಳ್ಳೆ ಏಳುವುದೇ ಇಲ್ಲ. ಎಷ್ಟು ದಿನ ಎಂಬುದನ್ನು ಡಾಕ್ಟರನ್ನೇ ಕೇಳಿ. ರಕ್ತದಲ್ಲಿ ಆ ಆಹಾರಕ್ಕೆ ಮೀಸಲಾದ ಐಜಿಇ ಅಳೆಯುವ ಪರೀಕ್ಷೆಗೆ ಗುಳಿಗಿ ನಿಲ್ಲಿಸಬೇಕಿಲ್ಲ.

ಇಲ್ಲಿ ನಾನು ದುಡ್ಡು ಕಳೆದುಕೊಂಡೆ. ಒಂದು ಪ್ರಯೋಗಾಲಯದಲ್ಲಿ ನೂರಾರು ಆಹಾರಗಳ ಐಜಿಜಿ (ಐಜಿಇ ಅಲ್ಲ, ಬೇರೊಂದು ಬಗೆಯ ಪ್ರತಿಕಾಯ) ಪರೀಕ್ಷೆ ಮಾಡಿಸಿ, ಜೋಳ, ಹೆಸರು, ಬದನಿಕಾಯಿ, ಮೊಸರು ಎಲ್ಲ ಕೆಂಪು ಬಣ್ಣದಲ್ಲಿ ಬಂದ ಪಟ್ಟಿ ಹಿಡಿದು ಒಂದು ತಿಂಗಳು ಅನ್ನ ಸಾರಿನ ಮೇಲೆ ಬದುಕಿದೆ. ಐಜಿಜಿ ಇದ್ದರೆ ಆ ಆಹಾರ ನೀವು ತಿಂದಿದ್ದೀರಿ ಎಂದಷ್ಟೇ ಅರ್ಥ, ಅಲರ್ಜಿ ಎಂದಲ್ಲ. ಐಜಿಇ ಪಾಸಿಟಿವ್ ಬಂದರೂ, ಅದನ್ನು ತಿಂದು ನಿಮಗೆ ಎಂದೂ ಏನೂ ಆಗಿಲ್ಲವಾದರೆ ಅದು ಅಲರ್ಜಿಯಲ್ಲ. ವಹಿ ಮತ್ತು ಪರೀಕ್ಷೆ ಎರಡೂ ಒಂದೇ ಮಾತು ಹೇಳಬೇಕು. ಸಂಶಯ ಉಳಿದರೆ ಆಸ್ಪತ್ರೆಯಲ್ಲೇ ಡಾಕ್ಟರ ಎದುರು ಅಷ್ಟಷ್ಟೇ ತಿನ್ನಿಸಿ ನೋಡುವ ಪರೀಕ್ಷೆ ಇದೆ. ಅದನ್ನು ಮನೆಯಲ್ಲಿ ಮಾಡಿಕೊಳ್ಳಬೇಡಿ.

ಶೇಂಗಾ ದ್ವಿದಳ, ಗೋಡಂಬಿ ಬದಾಮಿ ಮರದ ಬೀಜ. ಶೇಂಗಾ ಆಗದ ಹೆಚ್ಚಿನವರಿಗೆ ತೊಗರಿ, ಕಡ್ಲಿ, ಹೆಸರು ಆಗುತ್ತವೆ. ಆದರೆ ಗೋಡಂಬಿ, ಎಳ್ಳಿನ ಅಲರ್ಜಿ ಜೊತೆಯಲ್ಲೇ ಇರುವುದುಂಟು, ಅವನ್ನು ಪ್ರತ್ಯೇಕವಾಗಿ ಪರೀಕ್ಷಿಸಿಕೊಳ್ಳಿ. ಸುಮ್ಮನೆ ಹೆದರಿ ಎಲ್ಲ ಬೇಳೆ ಬಿಡಬೇಡಿ.

ನಾಲ್ಕನೆಯದು: ಅಡ್ರಿನಲಿನ್ (ಇದೊಂದನ್ನು ಎರಡು ಸಲ ಓದಿ)

ಮೈಮೇಲೆ ಒಂದಿಷ್ಟು ಗಾದರಿ ಮಾತ್ರ ಇದ್ದರೆ ಡಾಕ್ಟರು ಹೇಳಿದ ಅಲರ್ಜಿ ಗುಳಿಗಿ ಸಾಕು, ಒಬ್ಬರು ಪಕ್ಕದಲ್ಲಿ ಕೂತು ನೋಡುತ್ತಿರಬೇಕು. ಆದರೆ ಉಸಿರು, ಗಂಟಲು, ದನಿ, ತಲೆ ಸುತ್ತು ಇವುಗಳಲ್ಲಿ ಒಂದು ಕಂಡರೂ, ಅಥವಾ ಗಾದರಿಯ ಜೊತೆ ಮೇಲಿಂದ ಮೇಲೆ ವಾಂತಿಯಾದರೂ ಅದು ಅನಾಫೈಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ಅಲರ್ಜಿ. ಅದಕ್ಕೆ ಮೊದಲ ಔಷಧ ಅಡ್ರಿನಲಿನ್ ಇಂಜೆಕ್ಷನ್ನೇ. ಅಲರ್ಜಿ ಗುಳಿಗಿ ತುರಿಕೆ ಇಳಿಸುತ್ತದೆ, ಬೀಳುತ್ತಿರುವ ಬಿಪಿಯನ್ನು ಎತ್ತುವುದಿಲ್ಲ, ಗಂಟಲು ಬಿಡಿಸುವುದಿಲ್ಲ. ಸ್ಟೀರಾಯ್ಡ್ ಕೆಲಸ ಶುರುಮಾಡಲಿಕ್ಕೇ ತಾಸುಗಟ್ಟಲೆ ಬೇಕು. ನಮ್ಮ ಕಡೆ ಸಣ್ಣ ದವಾಖಾನೆಗಳಲ್ಲಿ ಇವೆರಡನ್ನೇ ಕೊಟ್ಟು ಮನೆಗೆ ಕಳಿಸುವ ರೂಢಿಯಿದೆ. "ಅಡ್ರಿನಲಿನ್ ಕೊಡ್ರಿ ಸರ್" ಎಂದು ಬಾಯಿಬಿಟ್ಟು ಕೇಳಿ.

ಹೊರದೇಶಗಳಲ್ಲಿ ಇದು ಪೆನ್ನಿನ ಆಕಾರದಲ್ಲಿ ಸಿಗುತ್ತದೆ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 1 ಮಿಲಿಲೀಟರಿನ ಗಾಜಿನ ಆಂಪೂಲ್, ಒಳಗೆ 1 ಮಿಲಿಗ್ರಾಂ ಔಷಧ. ದೊಡ್ಡವರಿಗೆ ಸಾಮಾನ್ಯ ಪ್ರಮಾಣ 0.5 ಮಿಲಿಗ್ರಾಂ, ಅಂದರೆ ಅರ್ಧ ಆಂಪೂಲ್, ತೊಡೆಯ ಹೊರಬದಿಯ ನಟ್ಟನಡುವೆ, ಸ್ನಾಯುವಿಗೆ. ಐದರಿಂದ ಹದಿನೈದು ನಿಮಿಷಕ್ಕೆ ಸುಧಾರಿಸದಿದ್ದರೆ ಎರಡನೆಯದು. ನಿಮ್ಮ ಪ್ರಮಾಣವನ್ನು ನಿಮ್ಮ ಡಾಕ್ಟರ ಕೈಯಲ್ಲೇ ಚೀಟಿಯಲ್ಲಿ ಬರೆಸಿಕೊಳ್ಳಿ, ಹಾಕುವುದನ್ನು ಅವರೆದುರೇ ಕಲಿಯಿರಿ. ಇನ್ಸುಲಿನ್ ಸಿರಿಂಜ್ ಬೇಡ: ಅದರ ಸೂಜಿ ಗಿಡ್ಡ, ಸ್ನಾಯು ಮುಟ್ಟುವುದಿಲ್ಲ, ಅದರ ಗೆರೆಗಳ ಲೆಕ್ಕವೂ ಬೇರೆ. ಬಿಪಿ ಅಥವಾ ಹೃದಯಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಅಂಥವರಲ್ಲಿ ಅಡ್ರಿನಲಿನ್ ಪರಿಣಾಮ ಕಡಿಮೆಯಾಗಬಹುದು.

ಗಾಬರಿಯಲ್ಲಿ ಗಾಜಿನ ಕುತ್ತಿಗೆ ಮುರಿಯುವುದು ಸುಲಭದ ಕೆಲಸವಲ್ಲ. ನಾವು ಮನೆಯಲ್ಲಿ ಹೀಗೆ ರೂಢಿ ಮಾಡಿಕೊಂಡೆವು: ಮೆಡಿಕಲ್ ಅಂಗಡಿಯಿಂದ ಇಂಜೆಕ್ಷನ್ನಿಗೆ ಬೆರೆಸುವ ಬರೀ ನೀರಿನ ಗಾಜಿನ ಆಂಪೂಲ್ ಹತ್ತು ತಂದೆವು. ಭಾನುವಾರ ಊಟವಾದ ಮೇಲೆ ನಮ್ಮವರು, ಕಾಲೇಜಿಗೆ ಹೋಗುವ ಮಗಳು, ಅತ್ತಿ, ನಾನು ಸುತ್ತ ಕೂತು, ಆಂಪೂಲಿನ ತಲೆಗೆ ಬೆರಳಿನಿಂದ ತಟ್ಟಿ ನೀರು ಕೆಳಗಿಳಿಸಿ, ಕುತ್ತಿಗೆಗೆ ಬಟ್ಟೆ ಸುತ್ತಿ, ಚುಕ್ಕೆ ಇರುವ ಬದಿ ನಮ್ಮ ಕಡೆ ಇಟ್ಟುಕೊಂಡು ಹೊರಮುಖವಾಗಿ ಮುರಿದೆವು. ಅರ್ಧ ಎಳೆದು ಮೋಸಂಬಿಗೆ ಚುಚ್ಚಿದೆವು. ಮೊದಲ ಎರಡು ನಮ್ಮವರ ಕೈಯಲ್ಲಿ ಪುಡಿಯಾದವು. ಐದನೆಯದಕ್ಕೆ ಮಗಳು ಒಂದು ನಿಮಿಷದೊಳಗೆ ಮುಗಿಸಿದಳು. ಅತ್ತಿಗೆ ಕಣ್ಣು ಮಂಜು, ಅವರ ಕೆಲಸ 108ಕ್ಕೆ ಫೋನ್ ಮಾಡಿ "ಅಲರ್ಜಿ ಆಗಿ ಉಸಿರು ಕಟ್ಟೇತಿ, ಅಡ್ರಿನಲಿನ್ ಬೇಕು" ಎಂದು ವಿಳಾಸ ಹೇಳುವುದು ಎಂದು ಗೊತ್ತುಮಾಡಿದೆವು.

ಇಂಜೆಕ್ಷನ್ ಆದ ಮೇಲೆ ಬಿದ್ದವರನ್ನು ಎಬ್ಬಿಸಿ ನಡೆಸಬೇಡಿ. ಮಲಗಿಸಿ ಕಾಲು ಎತ್ತರಿಸಿ. ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿ, ಕಾಲು ಚಾಚಿಸಿ. ನಮ್ಮೂರುಗಳಲ್ಲಿ ಮೊದಲು ಹೊಳೆಯುವುದು ಬೈಕಿನ ನಡುವೆ ಕೂರಿಸಿಕೊಂಡು ಓಡಿಸುವುದು. ಬಿಪಿ ಬಿದ್ದವರನ್ನು ನೆಟ್ಟಗೆ ಕೂರಿಸಿದರೆ ಹೃದಯಕ್ಕೆ ರಕ್ತವೇ ಮರಳದೆ ಜೀವ ಹೋಗಬಹುದು. ಕಾರೋ ಆಟೋವೋ 108ರ ಗಾಡಿಯೋ, ಮಲಗಿಸಿಯೇ ಒಯ್ಯಿರಿ. ಆರಾಮಾಯಿತೆಂದು ತಕ್ಷಣ ಮನೆಗೆ ಬರಬೇಡಿ, ಕೆಲವು ತಾಸಿನ ಮೇಲೆ ಎರಡನೇ ಸಲ ಏಳುವುದುಂಟು. ಡಾಕ್ಟರು ಇರು ಅಂದಷ್ಟು ಹೊತ್ತು ಇರಿ.

ಎರಡು ಆಂಪೂಲ್, ಎರಡು ಸಿರಿಂಜ್, ಚೀಟಿ, ಒಂದು ತುಂಡು ಬಟ್ಟೆ: ಇಷ್ಟು ಒಂದು ಗಟ್ಟಿ ಡಬ್ಬಿಯಲ್ಲಿ, ಡಬ್ಬಿ ಸದಾ ನಿಮ್ಮ ಚೀಲದಲ್ಲಿ. ಬೆಳಕು ತಾಗಬಾರದು, ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಗಾಡಿಯ ಡಿಕ್ಕಿಯಲ್ಲಿ ಬಿಡಬಾರದು, ಫ್ರೀಜರಿಗೂ ಹಾಕಬಾರದು. ನೀರಿನಂತಿರುವ ಔಷಧ ಕಂದು ಅಥವಾ ಗುಲಾಬಿ ಬಣ್ಣಕ್ಕೆ ತಿರುಗಿದರೆ ಹೊಸದು ತನ್ನಿ.

ಐದನೆಯದು: ಅಡಿಗಿಮನಿ

ಶೇಂಗಾ ಎಲ್ಲೆಲ್ಲಿದೆ ಎಂದು ಬರೆಯಲು ಕೂತಾಗಲೇ ನಮ್ಮ ಅಡಿಗಿ ಎಷ್ಟು ಅದರ ಮೇಲೆ ನಿಂತಿದೆ ಎಂದು ಅರಿವಾದದ್ದು. ಹಿಂಡಿ, ಉಂಡಿ, ಹೋಳಿಗಿ ಕಣ್ಣಿಗೆ ಕಾಣುತ್ತವೆ. ಕಾಣದವು ಎಣ್ಣೆಗಾಯಿಯೊಳಗಿನ ಪುಡಿ, ಸೌತಿಕಾಯಿ ಪಚಡಿಗೆ ಉದುರಿಸಿದ ಪುಡಿ, ಪಲ್ಯ ಗಟ್ಟಿಯಾಗಲೆಂದು ಹಾಕಿದ ಒಂದು ಹಿಡಿ, ಅವಲಕ್ಕಿಯ ಒಗ್ಗರಣೆ, ಉಪವಾಸದ ಸಾಬುದಾಣಿ ಖಿಚಡಿ.

ಎಣ್ಣೆಯ ಬಗ್ಗೆ ಸ್ಪಷ್ಟವಾಗಿರಲಿ. ಕಾರ್ಖಾನೆಯಲ್ಲಿ ಚೆನ್ನಾಗಿ ಶುದ್ಧೀಕರಿಸಿದ ರಿಫೈಂಡ್ ಶೇಂಗಾ ಎಣ್ಣೆಯಲ್ಲಿ ಪ್ರೋಟೀನ್ ಬಹುತೇಕ ಉಳಿಯುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿಯುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ನಾವೆಲ್ಲ ಮತ್ತೆ ಗಾಣದ ಎಣ್ಣೆಗೆ ಮರಳಿದ್ದೇವೆ, ಶೇಂಗಾ ಅಲರ್ಜಿ ಇರುವವರಿಗೆ ಅದೇ ಅಪಾಯ. ನಾನು ಎರಡನ್ನೂ ಬಿಟ್ಟು ಕುಸುಬಿ ಎಣ್ಣೆಗೆ ಹೋದೆ. ನಮ್ಮ ಎರಿ ಹೊಲದ್ದೇ ಎಣ್ಣೆ, ರೊಟ್ಟಿ ಪಲ್ಯಕ್ಕೆ ಒಗ್ಗುತ್ತದೆ. ಅಲ್ಲೂ ಎಡವಿದೆ: ಅದೇ ಗಾಣದಲ್ಲಿ ಹಿಂದಿನ ದಿನ ಶೇಂಗಾ ಹಿಂಡಿದ್ದರು. ಈಗ ಪ್ಯಾಕಿನದ್ದನ್ನೇ ತರುತ್ತೇನೆ.

ಹುರಿದರೆ, ಕುದಿಸಿದರೆ ಶೇಂಗಾದ ವಿಷ ಹೋಗುತ್ತದೆ ಎಂಬುದು ಸುಳ್ಳು. ಅದರ ಮುಖ್ಯ ಪ್ರೋಟೀನುಗಳು ಶಾಖಕ್ಕೆ ಜಗ್ಗುವುದಿಲ್ಲ, ಹುರಿದದ್ದು ಇನ್ನೂ ಜೋರು.

ಇಡೀ ಮನೆ ಶೇಂಗಾ ಬಿಡಬೇಕೇ? ನಮ್ಮಲ್ಲಿ ಬಿಟ್ಟಿಲ್ಲ. ಮಾವನವರಿಗೆ ಹಿಂಡಿ ಇಲ್ಲದೆ ರೊಟ್ಟಿ ಇಳಿಯದು. ಅದಕ್ಕೆ ಶೇಂಗಾಕ್ಕೆ ಪ್ರತ್ಯೇಕ ಮಿಕ್ಸರ್ ಜಾರ್, ಪ್ರತ್ಯೇಕ ಚಮಚ, ಕೆಂಪು ಮುಚ್ಚಳದ ಡಬ್ಬಿ, ಕೆಳಗಿನ ಹಲಗೆಯಲ್ಲಿ ಜಾಗ. ಜಾರಿನ ರಬ್ಬರಿನ ಅಡಿ ಎಷ್ಟು ತೊಳೆದರೂ ಪುಡಿ ಕೂತಿರುತ್ತದೆ, ಒಳಕಲ್ಲಿನ ರಂಧ್ರಗಳಲ್ಲೂ ಅಷ್ಟೇ. ನನ್ನ ಅಡಿಗಿ ಮೊದಲು, ಶೇಂಗಾ ಹಾಕುವುದು ಕಡೆಗೆ. ಕೈ ತೊಳೆಯಲು ಸಾಬೂನು ನೀರು ಬೇಕು, ಸ್ಯಾನಿಟೈಜರ್ ಸವರಿದರೆ ಪ್ರೋಟೀನ್ ಹೋಗುವುದಿಲ್ಲ. ಹುರಿಯುವ ವಾಸನೆಗೆ ಹೆದರಿ ಮನೆ ಬಿಟ್ಟು ಓಡಬೇಕಿಲ್ಲ, ಸಾಮಾನ್ಯವಾಗಿ ವಾಸನೆಯಿಂದಷ್ಟೇ ಜೋರಾಗುವುದಿಲ್ಲ. ಆದರೆ ಕಾಯಿ ಒಡೆಯುವ ಯಂತ್ರದ ಧೂಳಿನಿಂದ, ಎಪಿಎಂಸಿಯ ಶೇಂಗಾ ರಾಶಿಯಿಂದ ದೂರ ಇರುತ್ತೇನೆ.

ಬದಲಿಗೆ ಏನು? ಎಣ್ಣೆಗಾಯಿಗೆ ಹುರಿದ ಗುರಳ್ಳು (ಹುಚ್ಚೆಳ್ಳು), ಒಣಕೊಬ್ಬರಿ, ಸ್ವಲ್ಪ ಪುಠಾಣಿ (ಹುರಿಗಡಲೆ). ಗುರಳ್ಳು ಸ್ವಲ್ಪ ಕಹಿ ಬಿಡುತ್ತದೆ, ಬೆಲ್ಲ ಹುಣಸೆ ಒಂದು ತೂಕ ಹೆಚ್ಚು ಹಾಕಿದರೆ ಸರಿಹೋಗುತ್ತದೆ. ರೊಟ್ಟಿಗೆ ಅಗಸಿ ಹಿಂಡಿ. ಇವೆಲ್ಲ ನಿಮಗೆ ಆಗುತ್ತವೆ ಎಂದು ಪರೀಕ್ಷೆಯಲ್ಲಿ ಖಾತ್ರಿಯಾದ ಮೇಲೆ. ಹಿಂಡಿ ಹೊರಗಿನಿಂದ ತರಬೇಡಿ, ಎಲ್ಲ ಒಂದೇ ಯಂತ್ರದಲ್ಲಿ ಕುಟ್ಟಿರುತ್ತಾರೆ.

ಆರನೆಯದು: ಪೊಟ್ಟಣದ ಹಿಂಬದಿ

ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 2020ರ ಲೇಬಲ್ ನಿಯಮದಂತೆ ಗ್ಲುಟೆನ್ ಇರುವ ಧಾನ್ಯ, ಸಿಗಡಿ ಏಡಿ ಜಾತಿ, ಹಾಲು, ಮೊಟ್ಟೆ, ಮೀನು, ಶೇಂಗಾ ಹಾಗೂ ಮರದ ಬೀಜ, ಸೋಯಾ, ಮತ್ತು ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇದ್ದರೆ "ಕಂಟೇನ್ಸ್" ಎಂದು ಪ್ರತ್ಯೇಕವಾಗಿ ಬರೆಯಬೇಕು. ಎಳ್ಳು, ಕಡ್ಲಿ ಈ ಪಟ್ಟಿಯಲ್ಲಿಲ್ಲ. ಅವು ಆಗದವರು ಆ ಒಂದು ಸಾಲು ನೋಡಿ ನಂಬಬಾರದು, ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು. "ಮೇ ಕಂಟೇನ್" ಎಂದಿದ್ದರೆ ಅದೇ ಯಂತ್ರದಲ್ಲಿ ಬೆರೆತಿರಬಹುದು ಎಂದು ಅರ್ಥ; ನಾನು ಅಂಥದ್ದನ್ನು ಮುಟ್ಟುವುದಿಲ್ಲ. ಶೇಂಗಾ ಲೇಬಲ್ಲಿನಲ್ಲಿ ಪೀನಟ್, ಗ್ರೌಂಡ್‌ನಟ್, ಮೂಂಗಫಲಿ ಎಂದಿರಬಹುದು. ಔಷಧ, ಮುಲಾಮುಗಳಲ್ಲಿ ಅರಾಕಿಸ್ ಎಣ್ಣೆ ಎಂದಿರುತ್ತದೆ.

ಬೆಂಗಳೂರಿಗೆ ಹೋದಾಗ ಇನ್ನೊಂದು ಎಚ್ಚರ. ನಮಗೆ ಕಡ್ಲಿ ಅಂದರೆ ಕಡ್ಲಿಬ್ಯಾಳಿಯ ಕಡ್ಲಿ. ಅಲ್ಲಿ ಕಡ್ಲೆಕಾಯಿ, ಕಡ್ಲೆಬೀಜ ಅಂದರೆ ಶೇಂಗಾ! "ಶೇಂಗಾ ಇಲ್ಲಾ ಮೇಡಂ, ಬರೀ ಕಡ್ಲೆಬೀಜ" ಎಂದು ಒಬ್ಬ ಹುಡುಗ ನನ್ನ ಮುಂದೆ ಚಿತ್ರಾನ್ನ ಇಟ್ಟಿದ್ದಾನೆ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ.

ಏಳನೆಯದು: ಮಂದಿಗೆ ಹೇಳುವುದು

ಪೊಟ್ಟಣ ಓದುವುದು ಸುಲಭ. ನಮ್ಮ ಊಟದ ಬಹುಪಾಲಿಗೆ ಲೇಬಲ್ಲೇ ಇಲ್ಲ, ಅದು ಯಾರದೋ ಕೈಯಿಂದ ಬರುತ್ತದೆ. ಆ ಕೈಗೆ ಹೇಳಲು ಸರಿಯಾದ ಮಾತು ಬೇಕು.

"ನನಗ ಶೇಂಗಾ ಸೇರೂದಿಲ್ಲ" ಅನ್ನಬೇಡಿ. ನಮ್ಮ ಕಡೆ ಸೇರೂದಿಲ್ಲ ಅಂದರೆ ರುಚಿ ಹಿಡಿಸದು ಎಂದು ತಿಳಿಯುತ್ತಾರೆ. "ನನ್ನ ಕೈದು ಒಮ್ಮಿ ತಿಂದ್ ನೋಡ್ರಿ" ಎಂದು ಇನ್ನಷ್ಟು ಬಡಿಸುತ್ತಾರೆ. ಕಾಶಿಯಲ್ಲಿ ಬಿಟ್ಟು ಬಂದೀನಿ ಅಂದರೆ ಯಾರೂ ಒತ್ತಾಯಿಸುವುದಿಲ್ಲ ಎಂದು ಒಬ್ಬರು ಸಲಹೆ ಕೊಟ್ಟಿದ್ದರು. ಒತ್ತಾಯವೇನೋ ನಿಲ್ಲುತ್ತದೆ, ಆದರೆ ಅದೇ ಸೌಟಿನಿಂದ ಬಡಿಸುವುದು ನಿಲ್ಲುವುದಿಲ್ಲ, ಬಿದ್ದಾಗ ಏನಾಯಿತೆಂದು ಯಾರಿಗೂ ತಿಳಿಯುವುದೂ ಇಲ್ಲ. ನಾನು ಈಗ ಹೇಳುವುದು ಇಷ್ಟೇ: "ಶೇಂಗಾ ಒಂದ್ ಕಾಳ್ ಹೊಟ್ಟ್ಯಾಗ ಹೋದ್ರ ಗಂಟಲಾ ಕಟ್ಟಿ ಉಸಿರು ನಿಲ್ಲತೈತ್ರಿ. ದವಾಖಾನಿಗೆ ಒಯ್ಯಬೇಕಾಗತೈತಿ." ಇದನ್ನು ಕೇಳಿದ ಮೇಲೆ ಸೌಟು ಬದಲಿಸದ ತಾಯಿಯನ್ನು ನಾನು ಈ ಸೀಮೆಯಲ್ಲಿ ಇನ್ನೂ ಕಂಡಿಲ್ಲ.

ಮದುವೆ, ಸೀಮಂತಕ್ಕೆ ಹೋದಾಗ ಬಡಿಸುವವರಿಗಲ್ಲ, ಒಲೆಯ ಮುಂದಿರುವ ಮುಖ್ಯ ಅಡಿಗಿಯವರಿಗೆ ಹೇಳಿ. ಮೊದಲ ಪಂಕ್ತಿಗೆ ಕೂಡಿ, ಆಗ ಸೌಟುಗಳು ಇನ್ನೂ ಅದಲುಬದಲಾಗಿರುವುದಿಲ್ಲ. ನನಗೆ ಭರವಸೆ ಬರದಿದ್ದರೆ ಮನೆಯಲ್ಲಿ ಉಂಡು ಹೋಗಿ ಅಲ್ಲಿ ಬಾಳೆಹಣ್ಣು ತಿನ್ನುತ್ತೇನೆ. ಖಾನಾವಳಿಯಲ್ಲಿ ರೊಟ್ಟಿ, ಮೊಸರು, ಕಾಳಿನ ಪಲ್ಯವನ್ನು ಕೇಳಿ ತಿಳಿದು ಉಣ್ಣಬಹುದು, ತಾಟಿನ ಮೂಲೆಗೆ ಹಿಂಡಿ ಇಡಬೇಡಿ ಎಂದು ಬಡಿಸುವ ಮೊದಲೇ ಹೇಳಿ. ಇಟ್ಟ ಮೇಲೆ ಸರಿಸಿದರೆ ಆಗದು, ತಾಟೇ ಬದಲಾಗಬೇಕು. ಸಾವಜಿ ಊಟದ ಮಸಾಲೆಯಲ್ಲಿ ಏನೇನು ಅರೆದಿದ್ದಾರೆಂದು ಹೊರಗಿನವರಿಗೆ ಗೊತ್ತಾಗದು, ಮಾಲೀಕರನ್ನೇ ಕೇಳಿ. ದುರ್ಗದಬೈಲಿನ ಗಿರ್ಮಿಟ್, ಖಾರಾ ಅಂಗಡಿಯ ಡಾಣಿ ಚೂಡಾಗಳನ್ನು ನಾನು ಪೂರ್ತಿ ಬಿಟ್ಟೆ. ಬಿಡುವಾಗ ಅತ್ತಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಊಟ ಅಂದರೆ ಬರೀ ಹೊಟ್ಟೆಯಲ್ಲ, ಜೊತೆಗೂಡಿ ನಿಲ್ಲುವುದೂ ಹೌದು. ಈಗ ಗೆಳತಿಯರ ಜೊತೆ ನಿಂತು ಚಹಾ ಕುಡಿಯುತ್ತೇನೆ.

ಪ್ರಸಾದ ಬೇಡ ಅನ್ನಲು ಬಾಯಿ ಬರದು. ಕೈಯೊಡ್ಡಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಪಕ್ಕದವರಿಗೆ ಕೊಟ್ಟು, ಕೈ ತೊಳೆಯುತ್ತೇನೆ. ದೇವರಿಗೆ ಇದರಿಂದ ಬೇಸರವಾಗುವುದಿಲ್ಲ ಎಂದು ನಂಬಿದ್ದೇನೆ.

ಎಂಟನೆಯದು: ವರ್ಷದ ಲೆಕ್ಕ

ದೊಡ್ಡವರಾದ ಮೇಲೆ ಬಂದ ಶೇಂಗಾ ಅಲರ್ಜಿ ತಾನಾಗಿ ಹೋಗುವುದು ಅಪರೂಪ. ವರ್ಷಕ್ಕೊಮ್ಮೆ ಡಾಕ್ಟರನ್ನು ಕಂಡು ವಹಿ ತೋರಿಸಿ. ಅಸ್ತಮಾ ಇದ್ದರೆ ಅದನ್ನು ಹತೋಟಿಯಲ್ಲಿಡುವುದು ಅತಿ ಮುಖ್ಯ, ಕೆಟ್ಟ ಅಸ್ತಮಾ ಇದ್ದವರಲ್ಲೇ ಅನಾಫೈಲಾಕ್ಸಿಸ್ ಹೆಚ್ಚು ಘೋರ. 2024ರಲ್ಲಿ ಅಮೆರಿಕದಲ್ಲಿ ಒಮಾಲಿಜುಮ್ಯಾಬ್ ಎಂಬ ಇಂಜೆಕ್ಷನ್ನಿಗೆ ಆಹಾರ ಅಲರ್ಜಿಗೂ ಅನುಮತಿ ಸಿಕ್ಕಿದೆ. ಅದು ಗೊತ್ತಿಲ್ಲದೆ ತಿಂದಾಗ ಆಗುವ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಉಂಡಿ ತಿನ್ನಲು ಪರವಾನಿಗೆಯಲ್ಲ. ಯಾರಾದರೂ "ದಿನಾ ಚೂರು ಚೂರು ತಿಂದ್ರ ರೂಢಿ ಆಗತೈತಿ" ಎಂದರೆ ಕೇಳಬೇಡಿ. ಅಂಥ ಚಿಕಿತ್ಸೆ ಇರುವುದು ನಿಜ, ಅದನ್ನು ಆಸ್ಪತ್ರೆಯ ನಿಗಾದಲ್ಲಿ ತೂಗಿ ಅಳೆದು ಮಾಡುತ್ತಾರೆ.

ಆಂಪೂಲಿನ ಮೇಲಿನ ಕೊನೆಯ ದಿನಾಂಕವನ್ನು ನಾನು ಯುಗಾದಿಗೊಮ್ಮೆ, ಪಂಚಮಿಗೊಮ್ಮೆ ನೋಡುತ್ತೇನೆ. ಹಳೆಯದಾದವನ್ನು ಎಸೆಯುವ ಮೊದಲು ಮನೆಯವರೆಲ್ಲ ಮತ್ತೊಮ್ಮೆ ಮೋಸಂಬಿಗೆ ಚುಚ್ಚಿ ಕೈ ತಿದ್ದಿಕೊಳ್ಳುತ್ತೇವೆ. ಈ ಸಲದ ಪಂಚಮಿಗೆ ಅತ್ತಿ ನಸುಕಿನಲ್ಲೇ ಎದ್ದು, ಒಲೆ ಕಟ್ಟೆ ಒರೆಸಿ, ನನ್ನ ಜಾರಿನಲ್ಲಿ ಪುಠಾಣಿ ಬೀಸಿ ತಂಬಿಟ್ಟಿನ ಉಂಡಿ ಕಟ್ಟಿ ಹಸಿರು ಮುಚ್ಚಳದ ಡಬ್ಬಿಗೆ ಹಾಕಿಟ್ಟಿದ್ದರು. ಅದಾದ ಮೇಲೆಯೇ ಶೇಂಗಾ ಹುರಿಯಲು ಬಾಣಲಿ ಇಟ್ಟರು.